ರೋಗವು ಹೇಳದೆ ಕೇಳದೆ ಬರತಕ್ಕದ್ದು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರಿಗೆಂದು ಅಲ್ಲಿನ ಕಂಪನಿಗಳು ವಿಸಿಟರ್ ಇನ್ಶೂರೆನ್ಸ್ ಎಂಬುದನ್ನು ಮಾರುತ್ತವೆ. ಅದರಲ್ಲಿ 'ಅಕ್ಯೂಟ್ ಆನ್‌ಸೆಟ್' ಅಂತ ಒಂದು ಷರತ್ತಿದೆ. ನಿಮಗೆ ಮೊದಲಿನಿಂದ ಇರುವ ಕಾಯಿಲೆಗೆ ನಾವು ಬಿಡಿಗಾಸು ಕೊಡುವುದಿಲ್ಲ. ಆದರೆ ಅದೇ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ, ಮುಂಚಿತವಾಗಿ ಯಾವ ಲಕ್ಷಣವನ್ನೂ ತೋರಿಸಿರದಿದ್ದರೆ, ಯಾವ ಡಾಕ್ಟರೂ ಎಚ್ಚರಿಕೆ ಕೊಟ್ಟಿರದಿದ್ದರೆ, ಮತ್ತು 24 ಗಂಟೆಯೊಳಗೆ ನೀವು ಚಿಕಿತ್ಸೆಗೆ ಹೋಗಿದ್ದರೆ, ಆಗ ನೋಡೋಣ. ಇದು ಆ ಷರತ್ತಿನ ಸಾರಾಂಶ. ಇಪ್ಪತ್ತು ವರ್ಷ ಜೊತೆಗೇ ಉಂಡು ಮಲಗಿದ ಬಿಪಿ, ಕ್ಯಾಲಿಫೋರ್ನಿಯಾದಲ್ಲಿ ಇಳಿದ ಮೇಲೆ ನಿಮ್ಮ ಪರಿಚಯವೇ ಇಲ್ಲದಂತೆ ಮೇಲೆರಗಬೇಕು. ಮೆಲ್ಲಗೆ ಕೆಮ್ಮಿ, ಬಾಗಿಲು ತಟ್ಟಿ, 'ಬರಲಾ?' ಅಂತ ಕೇಳಿಕೊಂಡು ಬರುವ ಸಂಭಾವಿತ ಕಾಯಿಲೆಗೆ ಒಂದು ಡಾಲರೂ ಹುಟ್ಟುವುದಿಲ್ಲ.

ಸಕ್ಕರೆ ಕಾಯಿಲೆಗೆ ಈ ನಾಟಕ ಬರುವುದಿಲ್ಲ. ಅದು ಕಾಲಿನ ಬೆರಳಿನಿಂದ ಶುರುಮಾಡಿ, ಕಣ್ಣು, ಕಿಡ್ನಿ ಎಂದು ಒಂದೊಂದೇ ಇಲಾಖೆಗೆ ಭೇಟಿ ಕೊಡುತ್ತಾ ನಿಧಾನವಾಗಿ ಬರುತ್ತದೆ. ನಿಧಾನವಾಗಿ ಹೆಚ್ಚುತ್ತಾ ಹೋಗುವ ಕಾಯಿಲೆಯನ್ನು ಆ ಷರತ್ತು ಹೆಸರಿಟ್ಟೇ ಹೊರಗೆ ನಿಲ್ಲಿಸಿದೆ. ಇನ್ನು ಷರತ್ತಿನ ಕೃಪೆಗೂ ವಯಸ್ಸಿನ ಗಡಿಯುಂಟು. ಕೆಲವು ಪಾಲಿಸಿಗಳಲ್ಲಿ 70ಕ್ಕೆ, ಇನ್ನು ಕೆಲವಲ್ಲಿ 80ಕ್ಕೆ ಈ ಸೌಲಭ್ಯ ನಿವೃತ್ತಿಯಾಗುತ್ತದೆ. ಕಾಯಿಲೆ ಶುರುವಾಗುವ ವಯಸ್ಸಿಗೆ ಸರಿಯಾಗಿ ವಿಮೆ ಮುಗಿಯುತ್ತದೆ. ಲೆಕ್ಕ ಬಲ್ಲವರು ಮಾಡಿದ ಕೆಲಸ ಅಂದರೆ ಇದು.

24 ಗಂಟೆಯ ಗಡುವಂತೂ ನಮ್ಮ ಹಿರಿಯರ ಜಾಯಮಾನವನ್ನು ಚೆನ್ನಾಗಿ ಅರಿತವರೇ ಇಟ್ಟಂತಿದೆ. ಎದೆಯಲ್ಲಿ ಎಂಥ ನೋವು ಬಂದರೂ ಅದನ್ನು ಮೊದಲು ಗ್ಯಾಸಿನ ಖಾತೆಗೆ ಜಮಾ ಮಾಡುವುದು ನಮ್ಮ ಕಡೆಯ ಪದ್ಧತಿ. ಮೊದಲ ದಿನ ಓಂಕಾಳು ಅಗಿಯುತ್ತಾರೆ. ಎರಡನೇ ದಿನ ಜೀರಿಗೆ ಕಷಾಯ. ಮೂರನೇ ದಿನ, ಮಗನಿಗೆ ಆಫೀಸಿನಲ್ಲಿ 'ರಿಲೀಸ್' ಇದೆಯಂತೆ, ಪಾಪ, ಅವನಿಗೆ ಯಾಕೆ ತೊಂದರೆ ಎಂದು ಸುಮ್ಮನಿರುತ್ತಾರೆ. ನಾಲ್ಕನೇ ದಿನ ಸೊಸೆ ಮುಖ ನೋಡಿ ಕಂಡುಹಿಡಿಯುತ್ತಾಳೆ. ಅಷ್ಟರಲ್ಲಿ ವಿಮಾ ಕಂಪನಿಯ ಗಡಿಯಾರ ಮೂರು ಸುತ್ತು ಹೊಡೆದಿರುತ್ತದೆ.

ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಮೂವತ್ತು ವರ್ಷ ಮಕ್ಕಳಿಗೆ 'ಕೇಳಿದ ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಿ' ಎಂದು ಹೇಳಿದವರು. ಅಮೆರಿಕದ ಎಮರ್ಜೆನ್ಸಿ ವಾರ್ಡಿನಲ್ಲಿ ಅವರನ್ನು ಮಲಗಿಸಿದ್ದಾರೆ. ನರ್ಸು ಕಂಪ್ಯೂಟರಿನ ಮುಂದೆ ಕೂತು ಕೇಳುತ್ತಾಳೆ:

"ನೋವು ಯಾವಾಗಿನಿಂದ?"

"ನೋಡಿಮ್ಮ, ಸರಿಯಾಗಿ ಹೇಳಬೇಕೆಂದರೆ ಬೆಂಗಳೂರು ಬಿಡುವ ಮುಂಚೆಯೇ ಸ್ವಲ್ಪ ಇತ್ತು. ಮೆಟ್ಟಿಲು ಹತ್ತುವಾಗ ಏದುಸಿರು. ಅದಕ್ಕೂ ಮೊದಲು, ನಮ್ಮ ಸೋದರಮಾವ ತೀರಿಕೊಂಡ ವರ್ಷ, ಒಮ್ಮೆ ತಲೆಸುತ್ತು ಬಂದು..."

ಪಕ್ಕದಲ್ಲಿ ನಿಂತ ಮಗ ಕೆಮ್ಮುತ್ತಾನೆ. ಕಣ್ಣು ಮಿಟುಕಿಸುತ್ತಾನೆ. ಕೊನೆಗೆ ಕನ್ನಡದಲ್ಲೇ, "ಅಪ್ಪಾ, ಈಗ ತಾನೇ ಅನ್ನಿ, ಈಗ ತಾನೇ" ಎಂದು ಹಲ್ಲು ಕಚ್ಚಿ ಹೇಳುತ್ತಾನೆ. ಮೇಷ್ಟ್ರಿಗೆ ಸಿಟ್ಟು ಬರುತ್ತದೆ. "ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು ಕಣೋ!" ನರ್ಸು ಎಲ್ಲವನ್ನೂ ಟೈಪು ಮಾಡಿಕೊಳ್ಳುತ್ತಾಳೆ. ಮೆಟ್ಟಿಲು, ಏದುಸಿರು, ಸೋದರಮಾವ, ಎಲ್ಲವೂ ದಾಖಲೆಗೆ ಸೇರುತ್ತವೆ. ಚಿಕಿತ್ಸೆಗೆ ಈ ವಿವರಗಳು ಅಮೂಲ್ಯ. ಕ್ಲೇಮು ತಿರಸ್ಕರಿಸುವವರಿಗೆ ಇನ್ನೂ ಅಮೂಲ್ಯ.

ಹಾಗಾದರೆ ಅರ್ಜಿಯಲ್ಲೇ ಎಲ್ಲವನ್ನೂ ಬರೆದುಬಿಟ್ಟರೆ? ಅಮೆರಿಕದ ಬಹಳಷ್ಟು ವಿಸಿಟರ್ ಪಾಲಿಸಿಗಳ ಅರ್ಜಿಯಲ್ಲಿ ಕಾಯಿಲೆಯ ಬಗ್ಗೆ ಪ್ರಶ್ನೆಯೇ ಇರುವುದಿಲ್ಲ. ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಕ್ರೆಡಿಟ್ ಕಾರ್ಡ್, ಮುಗಿಯಿತು. ಎಂಥ ವಿಶ್ವಾಸ ಎಂದು ಕಣ್ಣು ತುಂಬಿ ಬರುತ್ತದೆ. ಕೇಳದಿರುವುದಕ್ಕೆ ಕಾರಣ ಒಳಗಿನ ಪುಟದಲ್ಲಿದೆ. ಪಾಲಿಸಿ ಶುರುವಾಗುವ ಹೊತ್ತಿಗೆ ಅಥವಾ ಅದಕ್ಕಿಂತ ಹಿಂದಿನ ಇಂತಿಷ್ಟು ತಿಂಗಳಲ್ಲಿ (ಕೆಲವರಿಗೆ 12, ಕೆಲವರಿಗೆ 36, ಇನ್ನು ಕೆಲವರಿಗೆ ಐದು ವರ್ಷ) ದೇಹದಲ್ಲಿ ಇದ್ದಿರಬಹುದಾದ ಯಾವುದೇ ಕಾಯಿಲೆ ಹಳೆಯದು. ಅದು ನಿಮಗೆ ಗೊತ್ತಿದ್ದರೂ ಸರಿ, ಗೊತ್ತಿಲ್ಲದಿದ್ದರೂ ಸರಿ, ಲಕ್ಷಣ ತೋರಿದ್ದರೂ ಸರಿ, ತೋರದಿದ್ದರೂ ಸರಿ. ನಿಮ್ಮ ರಕ್ತನಾಳದೊಳಗೆ ಕೊಬ್ಬು ಯಾವ ವರ್ಷ ಯಾವ ತಿಂಗಳು ಮನೆ ಕಟ್ಟಲು ಆರಂಭಿಸಿತು ಎನ್ನುವುದು ನಿಮಗೆ ತಿಳಿಯದು, ನಿಮ್ಮ ಡಾಕ್ಟರಿಗೆ ತಿಳಿಯದು. ಕ್ಲೇಮು ಕೈಗೆ ಬಂದ ಮೇಲೆ ಕಂಪನಿಗೆ ತಿಳಿಯುತ್ತದೆ. ಚಿತ್ರಗುಪ್ತನಾದರೂ ಮಾಡಿದ ಪಾಪವನ್ನಷ್ಟೇ ಬರೆದುಕೊಳ್ಳುತ್ತಿದ್ದ.

ನಮ್ಮ ದೇಶದಲ್ಲೇ ಪಾಲಿಸಿ ಕೊಂಡುಕೊಂಡು ಹೋಗುವವರ ದಾರಿ ಬೇರೆ. ಇಲ್ಲಿ ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡುವವರು ಮಾತ್ರ ನಾವಲ್ಲ.

"ಸಾರ್, ಬಿಪಿ, ಶುಗರ್ ಎಲ್ಲ ಈ ವಯಸ್ಸಿಗೆ ಇದ್ದದ್ದೇ. 'ನೋ' ಅಂತ ಟಿಕ್ ಮಾಡಿಬಿಡಿ, ಪ್ರೀಮಿಯಂ ಕಮ್ಮಿ ಬರುತ್ತೆ."

"ಆಮೇಲೆ ಏನಾದರೂ ಆದರೆ?"

"ಏನೂ ಆಗಲ್ಲ ಸಾರ್. ನೀವು ಫಿಟ್ ಆಗಿದ್ದೀರಿ."

"ಏನೂ ಆಗಲ್ಲ ಅಂದರೆ ಪಾಲಿಸಿ ಯಾಕಪ್ಪಾ?"

"ಸೇಫ್ಟಿಗೆ ಸಾರ್."

ಈ ಸಂಭಾಷಣೆಯಲ್ಲಿ ಏಜೆಂಟ್ ಹೇಳಿದ್ದು ಒಂದೂ ಸುಳ್ಳಲ್ಲ, ಅದೇ ಸೋಜಿಗ. ಪ್ರೀಮಿಯಂ ನಿಜಕ್ಕೂ ಕಮ್ಮಿ ಬರುತ್ತದೆ. ಸೇಫ್ಟಿಯೂ ನಿಜ, ಯಾರ ಸೇಫ್ಟಿ ಎಂದು ಅವನು ಹೇಳಲಿಲ್ಲ ಅಷ್ಟೆ. ನಿಜ ಬರೆದ ಸಾಧುಪ್ರಾಣಿಗೆ ಸಿಗುವ ಬಹುಮಾನವಾದರೂ ಏನು? ಹೆಚ್ಚಿನ ಪ್ರೀಮಿಯಂ, ಅದರ ಜೊತೆಗೆ, ಹಳೆಯ ಕಾಯಿಲೆಗೆ ಪ್ರಾಣಾಪಾಯ ಬಂದಾಗ ಮಾತ್ರ ಒಂದು ಮಿತಿಯವರೆಗೆ ಕೊಡುತ್ತೇವೆ ಎಂಬ ಸಣ್ಣಕ್ಷರದ ಸಾಲು. ಪ್ರಾಣ ಹೋಗುವ ಸ್ಥಿತಿ ಬರಬೇಕು, ಹೋಗಬಾರದು. ಅಪಾಯ ದಾಟಿತು ಎಂದು ಡಾಕ್ಟರು ಹೇಳಿದ ಕ್ಷಣದಿಂದ ಖರ್ಚು ನಿಮ್ಮದು. ಮನೆಯವರು ದೇವರಿಗೆ ಹರಕೆ ಹೊತ್ತು ಕೂತಿದ್ದರೆ, ಅದು ಎಷ್ಟು ಹೊತ್ತಿಗೆ ಫಲಿಸಬೇಕು ಎನ್ನುವುದನ್ನೂ ನಮೂದಿಸಿ ಹೊರುವುದು ಕ್ಷೇಮ.

ಊರಿನ ಆರೋಗ್ಯ ವಿಮೆಗಾದರೂ ಈಗ ಒಂದು ತಡೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತಂದ ನಿಯಮದಂತೆ, ಹಳೆಯ ಕಾಯಿಲೆಗೆ ಕಾಯಿಸುವ ಅವಧಿ 48 ತಿಂಗಳಿಂದ 36ಕ್ಕೆ ಇಳಿಯಿತು. ಸತತವಾಗಿ ಐದು ವರ್ಷ ಪಾಲಿಸಿ ಕಟ್ಟಿದವರ ಹಿಂದಿನ ಚರಿತ್ರೆಯನ್ನು, ವಂಚನೆ ಸಾಬೀತಾದ ಹೊರತು, ಕೆದಕುವಂತಿಲ್ಲ. ಬಹಳ ಒಳ್ಳೆಯದು. ಆದರೆ ಬಾಣಂತನಕ್ಕೆ ಹೋಗುವ ಅಜ್ಜಿಯ ಪ್ರವಾಸದ ಪಾಲಿಸಿಗೆ ಒಟ್ಟು ಆಯಸ್ಸೇ ಆರು ತಿಂಗಳು. ಅದು ಐದು ವರ್ಷ ಹಣ್ಣಾಗುವುದು ಯಾವ ಜನ್ಮಕ್ಕೆ?

ಅಷ್ಟಕ್ಕೂ ಈ 'ಮೊದಲೇ ಕಾಯಿಲೆ ಇರುವವರು' ಎಂಬ ವಿಶೇಷ ಜಾತಿ ಯಾವುದು? ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ರಕ್ತದೊತ್ತಡದವರು 31.5 ಕೋಟಿ. ಇದರ ಮೇಲೆ ಸಕ್ಕರೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಬೆಳಗ್ಗೆ ಲಾಲ್‌ಬಾಗಿಗೆ ಹೋಗಿ ಅರವತ್ತು ದಾಟಿದವರನ್ನು ನಿಲ್ಲಿಸಿ ವಿಚಾರಿಸಿ, ಮಾತ್ರೆ ನುಂಗದವರು ಸಿಕ್ಕರೆ ಅವರೊಂದಿಗೆ ಫೋಟೋ ತೆಗೆಸಿಕೊಳ್ಳಬೇಕು. ಕರಪತ್ರದ ಮುಖಪುಟದಲ್ಲಿ ಬೆಳ್ಳಿಗೂದಲಿನ ದಂಪತಿ ಕಡಲ ತೀರದಲ್ಲಿ ನಗುತ್ತಾ ನಿಂತಿರುತ್ತಾರಲ್ಲ, ಪಾಲಿಸಿ ನಿಜಕ್ಕೂ ಬರೆದಿರುವುದು ಅವರಿಗೆ. ಅವರಿಗೆ ವಯಸ್ಸಾಗಿದೆ, ಬೇರೇನೂ ಆಗಿಲ್ಲ.

ಕೆನಡಾದವರು ಇನ್ನೂ ಸೂಕ್ಷ್ಮಮತಿಗಳು. ಅಲ್ಲಿ 2011ರಿಂದ 'ಸೂಪರ್ ವೀಸಾ' ಇದೆ. ಅಪ್ಪ-ಅಮ್ಮ, ಅಜ್ಜ-ಅಜ್ಜಿ ಬಂದು ದೀರ್ಘಕಾಲ ಇರಬಹುದು. ಒಂದು ವರ್ಷದ, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ವೈದ್ಯಕೀಯ ವಿಮೆ ಕಡ್ಡಾಯ. ಹಳೆಯ ಕಾಯಿಲೆಗೂ ಕೊಡುತ್ತೇವೆ ಎನ್ನುವ ಪಾಲಿಸಿಗಳು ಅಲ್ಲುಂಟು, ಆದರೆ ಕಾಯಿಲೆ 'ಸ್ಟೇಬಲ್' ಆಗಿರಬೇಕು. ಹೊರಡುವ ಮುಂಚಿನ 90 ಅಥವಾ 180 ದಿನ ಅದು ಕದಲಿರಬಾರದು. ಹೊಸ ಮಾತ್ರೆ ಸೇರಿರಬಾರದು, ಇದ್ದ ಮಾತ್ರೆ ಹೆಚ್ಚಾಗಿರಬಾರದು. ಅಲ್ಲಿಯವರೆಗೂ ಒಪ್ಪೋಣ. ಬಹಳಷ್ಟು ಪಾಲಿಸಿಗಳಲ್ಲಿ ಮಾತ್ರೆ ಕಮ್ಮಿಯೂ ಆಗಿರಬಾರದು!

ಮೇಷ್ಟ್ರು ಮಗಳ ಮನೆಗೆ ಹೋಗಬೇಕೆಂದು ಆರು ತಿಂಗಳು ಅನ್ನ ಬಿಟ್ಟು ರಾಗಿಮುದ್ದೆ ತಿಂದು, ದಿನಾ ಪಾರ್ಕಿನಲ್ಲಿ ಸುತ್ತು ಹಾಕಿ, ಐದು ಕೆಜಿ ಇಳಿಸಿದರೆನ್ನಿ. ಡಾಕ್ಟರು ಖುಷಿಯಾಗಿ ಬೆನ್ನು ತಟ್ಟಿ, "ಭೇಷ್, ಇನ್ನು ಹತ್ತರ ಅಮ್ಲೋಡಿಪಿನ್ ಬೇಡ, ಐದು ಸಾಕು" ಎಂದು ಚೀಟಿ ಬರೆದರು. ಆ ಕ್ಷಣದಲ್ಲಿ ಮೇಷ್ಟ್ರು ವಿಮಾಶಾಸ್ತ್ರದ ಪ್ರಕಾರ ಅಸ್ಥಿರ ರೋಗಿಯಾದರು. ಪಕ್ಕದ ಮನೆಯ ಮಹಾಶಯರು ಅದೇ ಆರು ತಿಂಗಳು ಡಾಕ್ಟರ ಮುಖವನ್ನೇ ನೋಡದೆ, ಸಂಜೆ ಬೋಂಡಾ ಬಿಡದೆ, ಹಳೆಯ ಚೀಟಿಯ ಹಳೆಯ ಮಾತ್ರೆಯನ್ನೇ ನುಂಗುತ್ತಾ ಕಾಲ ಹಾಕಿದರು. ಅವರ ಬಿಪಿ ಎಷ್ಟಿದೆಯೋ ಶಿವನೇ ಬಲ್ಲ, ದಾಖಲೆಯಲ್ಲಿ ಮಾತ್ರ ಕಲ್ಲುಬಂಡೆಯಷ್ಟು ಸ್ಥಿರ. ಕಾಯಿಲೆಯನ್ನು ಹತೋಟಿಗೆ ತಂದವನಿಗೆ ದಂಡ, ತಿರುಗಿಯೂ ನೋಡದವನಿಗೆ ರಕ್ಷಣೆ. ಹೊರಡುವ ಮುನ್ನ ಒಮ್ಮೆ ಚೆಕಪ್ ಮಾಡಿಸಿಕೊಂಡು ಹೋಗಿ ಎಂದು ಬುದ್ಧಿ ಹೇಳುವ ನೆಂಟರಿಂದ ಮೂರು ತಿಂಗಳು ದೂರವಿರಿ.

ಯುರೋಪಿನ ಕತೆ ಚಿಕ್ಕದು. ಷೆಂಗೆನ್ ವೀಸಾಕ್ಕೆ 30,000 ಯೂರೋ ವಿಮೆಯ ಕಾಗದ ಲಗತ್ತಿಸಬೇಕು. ಕಾಗದದಲ್ಲಿ ಆ ಅಂಕಿ ಕಂಡರೆ ವೀಸಾ ಕೊಡುವವರಿಗೆ ಸಮಾಧಾನ, ವೀಸಾ ಸಿಕ್ಕರೆ ನಮಗೆ ಸಮಾಧಾನ, ನಿಮ್ಮ ಬೈಪಾಸಿನ ಇತಿಹಾಸ ಅದರೊಳಗೆ ಸೇರುತ್ತದೆಯೇ ಎಂದು ಕೇಳುವ ತಲೆನೋವು ಯಾರಿಗೂ ಇಲ್ಲ. ಅದು ವಿಮೆಯಲ್ಲ, ಲಗತ್ತು.

ಅಮೆರಿಕ ಪ್ರವಾಸಿ ವೀಸಾಕ್ಕೆ ಅಷ್ಟನ್ನೂ ಕೇಳುವುದಿಲ್ಲ. ವಿಮೆ ಇಲ್ಲದೆ ಬನ್ನಿ, ನಮ್ಮ ಅಭ್ಯಂತರವಿಲ್ಲ ಎನ್ನುವ ಔದಾರ್ಯ. ಅಲ್ಲಿ 1986ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದ ಯಾರನ್ನೂ, ಹಣ ಇರಲಿ ಇಲ್ಲದಿರಲಿ, ಪರೀಕ್ಷಿಸದೆ, ಅಪಾಯದಿಂದ ಪಾರುಮಾಡದೆ ಆಸ್ಪತ್ರೆ ಹಿಂದಕ್ಕೆ ಕಳಿಸುವಂತಿಲ್ಲ. ಮಾನವೀಯತೆಯ ದೊಡ್ಡ ಕಾನೂನು. ಆಮೇಲೆ ಬಿಲ್ ಕಳಿಸಬಾರದು ಎಂದು ಮಾತ್ರ ಅದು ಎಲ್ಲೂ ಹೇಳಿಲ್ಲ.

ಬಿಲ್ ಬರುತ್ತದೆ. ಒಂದೇ ಬರುವುದಿಲ್ಲ, ಆಸ್ಪತ್ರೆಯದು ಒಂದು, ಡಾಕ್ಟರದು ಒಂದು, ಆಂಬುಲೆನ್ಸಿನದು ಒಂದು, ಎಕ್ಸ್‌ರೇ ನೋಡಿದ ಮುಖವೇ ಕಾಣದ ಮಹಾನುಭಾವರದು ಒಂದು. ಮಗ ಆಗ ಪಾಲಿಸಿಯನ್ನು ಮೊದಲ ಸಲ ಓದುತ್ತಾನೆ. ಐವತ್ತು ಸಾವಿರ ಡಾಲರಿನ ಪಾಲಿಸಿ ಎಂದುಕೊಂಡಿದ್ದು 'ಫಿಕ್ಸೆಡ್ ಬೆನಿಫಿಟ್' ಎಂದು ಗೊತ್ತಾಗುತ್ತದೆ. ಅಂದರೆ ಐವತ್ತು ಸಾವಿರ ಎನ್ನುವುದು ಮದುವೆ ಮನೆಯ ಬಾಗಿಲಿನ ತೋರಣ. ಒಳಗೆ ಎಲೆಯ ಮೇಲೆ ಬಡಿಸುವುದು ಕೋಣೆಗೆ ದಿನಕ್ಕೆ ಇಷ್ಟು, ಸರ್ಜನ್ನಿಗೆ ಇಷ್ಟು, ಸ್ಕ್ಯಾನಿಗೆ ಇಷ್ಟು ಎಂದು ಅಳೆದ ಚಮಚದಲ್ಲಿ. ಬಾಕಿ ನಿಮ್ಮದು. ಸ್ವಲ್ಪ ಹೆಚ್ಚು ಕೊಟ್ಟು 'ಕಾಂಪ್ರಹೆನ್ಸಿವ್' ತೆಗೆದುಕೊಂಡವರು ಸಾಮಾನ್ಯವಾಗಿ ಡಿಡಕ್ಟಿಬಲ್ ಎಂಬ ಮೊದಲ ಪಾಲನ್ನು ತಾವೇ ಕಟ್ಟಿ, ಅದರ ಮೇಲಿನ ಮೊದಲ ಐದು ಸಾವಿರ ಡಾಲರಿನಲ್ಲಿ ಶೇ 20ರಷ್ಟನ್ನು ತಾವು ಭರಿಸಿದರೆ ಪಾರಾಗುತ್ತಾರೆ, ಮೇಲಿನದನ್ನು ಮಿತಿಯವರೆಗೆ ಕಂಪನಿ ಕೊಡುತ್ತದೆ. ಕಾಯಿಲೆ ಹೊಸದಾಗಿದ್ದರೆ, ಅನ್ನಿ.

ಹೊಸದೆಂದು ಸಾಬೀತು ಮಾಡುವುದೇ ಮುಂದಿನ ಕಾಂಡ. ಕಂಪನಿಯಿಂದ ಅತ್ಯಂತ ವಿನಯದ ಪತ್ರ ಬರುತ್ತದೆ: ರೋಗಿಯ ಹಿಂದಿನ 36 ತಿಂಗಳ ಸಂಪೂರ್ಣ ವೈದ್ಯಕೀಯ ದಾಖಲೆಗಳನ್ನು ಕಳಿಸಿಕೊಡಿ. ಮೇಷ್ಟ್ರ ಸಂಪೂರ್ಣ ವೈದ್ಯಕೀಯ ದಾಖಲೆ ಎಲ್ಲಿದೆ ಗೊತ್ತೇ? ಊರಿನ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿ, ಹಳೆಯ ಪಂಚಾಂಗದೊಳಗೆ ಮಡಚಿಟ್ಟ ಐದಾರು ಚೀಟಿಗಳಲ್ಲಿ. ಒಂದರ ಹಿಂದೆ ಹಾಲಿನ ಲೆಕ್ಕ ಇದೆ. ಇನ್ನೊಂದರಲ್ಲಿ ಡಾಕ್ಟರು ಬರೆದದ್ದು ಅವರ ಕಾಂಪೌಂಡರಿಗೆ ಬಿಟ್ಟು ಬೇರಾರಿಗೂ ಓದಲು ಬಂದಿಲ್ಲ, ಆ ಕಾಂಪೌಂಡರ್ ಈಗಿಲ್ಲ. ಮುಕ್ಕಾಲು ಪಾಲು ಚಿಕಿತ್ಸೆ ನಡೆದದ್ದಂತೂ ಮೆಡಿಕಲ್ ಶಾಪಿನವನ ಜೊತೆ ಬಾಯಿಮಾತಿನಲ್ಲಿ. ದಾಖಲೆ ಕಳಿಸದಿದ್ದರೆ ಕಡತ ಮುಚ್ಚುತ್ತಾರೆ. ಕಳಿಸಿದರೆ ಅದರಲ್ಲಿ 'ಬಿಪಿ 140/90' ಎಂದು ಓದಿಕೊಂಡು ಮುಚ್ಚುತ್ತಾರೆ. ಆ ಅಕ್ಷರವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಜಗತ್ತಿನಲ್ಲಿ ಕ್ಲೇಮು ವಿಭಾಗದವರಿಗೆ ಮಾತ್ರ ದಕ್ಕಿದೆ.

ಇದೆಲ್ಲ ಬರೀ ಕುಹಕ ಎನ್ನುವವರಿಗೆ ನ್ಯಾಯಾಲಯದ ಒಂದು ಪ್ರಕರಣ ಇಲ್ಲಿದೆ. 2009ರ ಮೇ ತಿಂಗಳಲ್ಲಿ ಒಬ್ಬರು ಅಮೆರಿಕಕ್ಕೆ ಮದುವೆಗೆ ಹೊರಟರು. ಸರ್ಕಾರಿ ವಿಮಾ ಕಂಪನಿಯೊಂದರಿಂದ ಓವರ್‌ಸೀಸ್ ಮೆಡಿಕ್ಲೇಮ್ ಪಾಲಿಸಿ ಕೊಂಡರು. ಸಕ್ಕರೆ ಕಾಯಿಲೆ ಇದೆ ಎಂದು ನಿಜ ಹೇಳಿದರು. ವೈದ್ಯಕೀಯ ಪರೀಕ್ಷೆ ನಡೆಯಿತು, ಕಂಪನಿ ಎಲ್ಲವನ್ನೂ ನೋಡಿ ಪಾಲಿಸಿ ಕೊಟ್ಟಿತು. ಸ್ಯಾನ್‌ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದಿದ್ದಾರೆ, ಅಲ್ಲೇ ಹೃದಯಾಘಾತ. ಇದಕ್ಕಿಂತ ಹಠಾತ್ತಾಗಿ ಬರುವುದು ಹೃದಯಕ್ಕೂ ಸಾಧ್ಯವಿಲ್ಲ, ಲಗೇಜು ತೆಗೆದುಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ. ಆಂಜಿಯೋಪ್ಲಾಸ್ಟಿಯಾಗಿ ಮೂರು ಸ್ಟೆಂಟ್ ಕೂತವು. ಕಂಪನಿ ಕ್ಲೇಮು ತಳ್ಳಿಹಾಕಿತು: ನಿಮಗೆ ಕೊಬ್ಬಿನಂಶ ಹೆಚ್ಚಿತ್ತು, ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ, ಅದನ್ನು ಹೇಳಲಿಲ್ಲ. ಸಕ್ಕರೆ ಇದ್ದವರಿಗೆ ಹೃದಯ ಕಾಯಲು ಡಾಕ್ಟರುಗಳು ವಾಡಿಕೆಯಾಗಿ ಬರೆದುಕೊಡುವ ಮಾತ್ರೆ ಅದು. ರೋಗ ಬಾರದಿರಲಿ ಎಂದು ನುಂಗಿದ ಮಾತ್ರೆಯೇ ರೋಗವಿತ್ತೆಂಬ ಸಾಕ್ಷಿಯಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಕಂಪನಿಯ ಮಾತಿಗೇ ಮುದ್ರೆ ಒತ್ತಿತು. ಕೊನೆಗೆ 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರ ಜೊತೆ ಪೀಠದಲ್ಲಿದ್ದ ನಮ್ಮ ಬಿ.ವಿ. ನಾಗರತ್ನ ಅವರು ತೀರ್ಪು ಬರೆದರು. ಇರುವ ಕಾಯಿಲೆಯನ್ನು ಹೇಳಿದ ಮೇಲೂ, ಅದನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಕಂಪನಿ, ಮುಂದೆ ಅದೇ ಕಾಯಿಲೆಯನ್ನು ತೋರಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದರು. ಪರಮ ಪ್ರಾಮಾಣಿಕತೆ ವಿಮೆ ಮಾಡಿಸಿದವನ ಒಬ್ಬನ ಹೊಣೆಯಲ್ಲ, ಕಂಪನಿಯದೂ ಹೌದು ಎಂದರು. ಇಷ್ಟನ್ನು ಹೇಳಿಸಲು ಆ ಮನುಷ್ಯ ಹನ್ನೆರಡು ವರ್ಷ ಬದುಕಿರಬೇಕಾಯಿತು. ಆ ಸ್ಟೆಂಟುಗಳನ್ನು ಹಾಕಿದ ಡಾಕ್ಟರಿಗೆ ನಮಸ್ಕಾರ.

ಕಂಪನಿಗಳನ್ನಷ್ಟೇ ಬೈದು ಕೈ ತೊಳೆದುಕೊಂಡರೆ ನಾವೂ ಒಂದು ಕಂಪನಿಯೇ. ಸನ್ನಿವೇಲಿನಲ್ಲಿ ಲಕ್ಷಗಟ್ಟಲೆ ಡಾಲರ್ ಎಣಿಸುವ ಸುಪುತ್ರ, ಕಾರಿನ ಟೈರಿಗೆ ಹದಿನೈದು ವಿಮರ್ಶೆ ಓದುತ್ತಾನೆ. ಅಪ್ಪನ ಪಾಲಿಸಿ ಕೊಳ್ಳುವಾಗ ಮಾತ್ರ 'ಬೆಲೆ: ಕಡಿಮೆಯಿಂದ ಹೆಚ್ಚಿಗೆ' ಎಂದು ಒತ್ತಿ, ಮೊದಲು ಕಂಡದ್ದನ್ನು ಕೊಂಡು, ಊಟಕ್ಕೆ ಏಳುತ್ತಾನೆ. ಆರು ತಿಂಗಳು ತಾನೇ, ಏನಾಗುತ್ತೆ. ಬಾಣಂತನಕ್ಕೆ ಅಮ್ಮ ಮಂಡಿನೋವು ಕಟ್ಟಿಕೊಂಡು ಇಪ್ಪತ್ತು ಗಂಟೆ ಹಾರಬೇಕು. ಇದಕ್ಕಿಂತ ಮಗಳೇ ಇಲ್ಲಿಗೆ ಬಂದರೆ ಆಗದೇ ಎಂದು ಯಾರಾದರೂ ಅಂದರೆ ಮನೆಯೆಲ್ಲ ಒಂದು ಕ್ಷಣ ಮೌನ. ಮಗು ಅಲ್ಲೇ ಹುಟ್ಟಬೇಡವೇ? ಪಾಸ್‌ಪೋರ್ಟಿನ ವಿಷಯ! ಹುಟ್ಟಲಿರುವವರ ಐವತ್ತು ವರ್ಷದ ಭವಿಷ್ಯಕ್ಕೆ ಅಷ್ಟು ಯೋಚನೆ, ಬಂದು ಎಣ್ಣೆ ಹಚ್ಚಿ ನೀರೆರೆಯುವವರ ಆರು ತಿಂಗಳಿಗೆ ಕಡಿಮೆಯಿಂದ ಹೆಚ್ಚಿಗೆ.

ಮೇಷ್ಟ್ರ ಮನೆಯಲ್ಲಿ ಹೊರಡುವ ಹಿಂದಿನ ರಾತ್ರಿ. ಸೂಟ್‌ಕೇಸಿನ ಒಂದು ಬದಿಯಲ್ಲಿ ಅಂಟಿನುಂಡೆ, ಮೆಂತ್ಯದ ಹಿಟ್ಟು, ಚಟ್ನಿಪುಡಿ. ಇನ್ನೊಂದು ಬದಿಯಲ್ಲಿ ಆರು ತಿಂಗಳ ಮಾತ್ರೆ. ವಿಡಿಯೋ ಕಾಲಿನಲ್ಲಿ ಮಗ ಪಾಲಿಸಿಯ ಮುಖ್ಯಾಂಶಗಳನ್ನು ಓದಿ ಹೇಳುತ್ತಿದ್ದಾನೆ. ಹೃದಯಕ್ಕೆ ಇಲ್ಲ. ಸಕ್ಕರೆಗೆ ಇಲ್ಲ. ಕಿಡ್ನಿಗೆ ಇಲ್ಲ. ಹಲ್ಲಿಗೆ ತೀರಾ ನೋವಾದರೆ ಸ್ವಲ್ಪ ಇದೆ. ಕೊನೆಗೆ ಒಂದು ಸಾಲು ಬಂತು. ಇಂಥದ್ದು ಕೆಲವು ಪಾಲಿಸಿಗಳಲ್ಲಿ ಇರುತ್ತದೆ: ಅಲ್ಲಿಯೇ ಏನಾದರೂ ಆಗಿಹೋದರೆ ಶರೀರವನ್ನು ಸ್ವದೇಶಕ್ಕೆ ಕಳಿಸುವ ವೆಚ್ಚ. ಮಗ ಅದನ್ನು ಹಾರಿಸಿ ಓದಿದ. ಮೇಷ್ಟ್ರು ಬಿಡಲಿಲ್ಲ, ಮೂವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ಕಣ್ಣು.

"ಅದೇನೋ ಬಿಟ್ಟೆಯಲ್ಲ, ಓದು."

ಓದಿದ.

"ಅದಕ್ಕೆ ಹಳೇ ಕಾಯಿಲೆ ಅಡ್ಡಿ ಇಲ್ವಂತಾ?"

"ಇಲ್ಲಪ್ಪಾ. ಅದಕ್ಕೆ ಆ ಷರತ್ತು ಅನ್ವಯಿಸಲ್ಲ ಅಂತಿದೆ."

"ಡಿಡಕ್ಟಿಬಲ್ಲು?"

"ಅದೂ ಇಲ್ಲ."

"ಹಾಗಾದರೆ ಇದನ್ನೇ ತಗೋ," ಅಂದರು ಮೇಷ್ಟ್ರು, ಸೂಟ್‌ಕೇಸ್ ತೂಗುತ್ತಾ. "ವಾಪಸ್ ಟಿಕೆಟ್ ಬುಕ್ ಮಾಡಿಬಿಟ್ಟಿದೀಯೇನು? ಕ್ಯಾನ್ಸಲ್ ಮಾಡಿದರೆ ಎಷ್ಟು ಕೊಡ್ತಾರೆ ಕೇಳು."